ಕಾಡು ಉತ್ತರಾಣಿಯ ಕಡ್ಡಿ

ಮದರಾಸಿನ ಕ್ರೋಂಪೇಟೆಗೆ ಬಂದ ಮೊದಲ ವರ್ಷ ಪದ್ಮನಾಭರ ಕೈಯಲ್ಲಿ ಒಂದು ಗಿಡವೂ ಉಳಿಯಲಿಲ್ಲ. ಮೈಸೂರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಗುಲಾಬಿ ಏಪ್ರಿಲ್ ದಾಟಲಿಲ್ಲ. ಸೇವಂತಿಗೆಯ ಎಲೆಗಳು ಬೋರ್ ನೀರಿನ ಉಪ್ಪಿಗೆ ಅಂಚಿನಿಂದ ಕಂದುತ್ತ ಬಂದು ಉದುರಿದವು. ಕೊನೆಗೆ ಪಕ್ಕದ ಮನೆಯ ವೃಂದಾ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಕನ್ನಡದ ಹೆಂಗಸು, ಕಾಂಪೌಂಡಿನ ಮೇಲಿಂದ ಒಂದು ಕಡ್ಡಿ ಚಾಚಿದರು.

"ಇದನ್ನ ಊರಿ ನೋಡಿ ಸಾರ್. ಸೀಮೈ ನಾಯುರುವಿ. ಬಿಸಿಲು, ಉಪ್ಪುನೀರು ಎಲ್ಲಾ ತಾಂಗತ್ತೆ, ತಡ್ಕೊಳ್ಳತ್ತೆ."

"ನಮ್ಮ ಕಡೆ ಕಾಡು ಉತ್ತರಾಣಿ ಅಂತಾರೆ," ಎಂದರು ಪದ್ಮನಾಭರು. "ಬೇಲಿ ಮೇಲೆ ಬೆಳೆಯೋ ಕಳೆ."

ಕಳೆ ಎಂದೇ ನೆಟ್ಟರು. ಆ ಒಂದು ಕಡ್ಡಿಯಿಂದ ಎರಡು ವರ್ಷದಲ್ಲಿ ಕಾಂಪೌಂಡಿನುದ್ದಕ್ಕೂ ಸಾಲು ಎದ್ದಿತು. ಇಲಿಯ ಬಾಲದಂಥ ಉದ್ದನೆಯ ಕದಿರು, ಅದರ ಸುತ್ತ ದಿನಕ್ಕೆ ನಾಲ್ಕೈದರಂತೆ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುವ ನೀಲಿ ಹೂ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ನೆಲದ ಮೇಲೆ. ಆದರೆ ಆ ಅರ್ಧ ದಿನ ಬೀದಿಯ ಚಿಟ್ಟೆಗಳೆಲ್ಲ ಅಲ್ಲೇ ಇರುತ್ತಿದ್ದವು. ಪದ್ಮನಾಭರು ಬೆಳಿಗ್ಗೆ ಬುಡಕ್ಕೆ ನೀರು ಹಾಕಿ, ತುದಿ ಚಿವುಟಿ, ಹೂ ಮುಗಿದ ಕದಿರುಗಳನ್ನು ಕತ್ತರಿಸಿ, ಕೈ ತೊಳೆದು ಒಳಗೆ ಬರುವಾಗ ಅವರ ಮುಖದಲ್ಲಿ ಸಮಾಧಾನವಿರುತ್ತಿತ್ತು.

ಆ ಬಾಡಿಗೆ ಮನೆಯಲ್ಲಿ ಐದು ಜನ. ಮಗ ರವಿಕಿರಣ್ ಒರಗಡಂ ಕಡೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಕು ಹರಿಯುವಷ್ಟರಲ್ಲಿ ಕಂಪನಿ ಬಸ್ಸು ಹತ್ತಬೇಕು. ಸೊಸೆ ವಿಭಾ ಲೋಕಲ್ ಟ್ರೈನಿನಲ್ಲಿ ಗಿಂಡಿಯ ಆಫೀಸಿಗೆ ಹೋಗುತ್ತಿದ್ದಳು. ಮೊಮ್ಮಗಳು ತೇಜು ಎರಡನೇ ಕ್ಲಾಸು. ಅಡುಗೆಮನೆ ಜಯಲಕ್ಷ್ಮಮ್ಮನದು. ತೇಜುವನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಕರೆತರುವುದು ಪದ್ಮನಾಭರ ಕೆಲಸ. "ಈ ಕೆಲಸಕ್ಕೇ ಅಲ್ವೇ ನಿಮ್ಮನ್ನ ಕರೆಸ್ಕೊಂಡಿರೋದು" ಎಂದು ಮಗ ಒಮ್ಮೆ ತಮಾಷೆಗೆ ಅಂದಿದ್ದ. ಅವರು ಅದನ್ನು ತಮಾಷೆಯಾಗಿ ತೆಗೆದುಕೊಂಡಿರಲಿಲ್ಲ.

ಆ ಸಲ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಮನೆಯಲ್ಲಿ ಸಣ್ಣಸಣ್ಣದಕ್ಕೆ ಮಾತು ಬೆಳೆಯತೊಡಗಿತು.

ತಿಂಡಿಯ ಹೊತ್ತಿನಲ್ಲಿ ಜಯಲಕ್ಷ್ಮಮ್ಮ ಗಂಡನ ತಟ್ಟೆಯನ್ನು ನೇರ ಎದೆಯ ಮುಂದೆ ತಂದಿಡುತ್ತಿದ್ದರು. ಚಟ್ನಿಯನ್ನು ಇಡ್ಲಿಯ ಪಕ್ಕದಲ್ಲಲ್ಲ, ಮೇಲೆಯೇ ಬಡಿಸುತ್ತಿದ್ದರು. ನೀರಿನ ಲೋಟವನ್ನು ಕೈಗೇ ಕೊಟ್ಟು, ಅವರು ಕುಡಿದ ಮೇಲೆ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದರು.

"ಅತ್ತೆ, ಮಾವಂಗೆ ಲೋಟಾನೂ ಕೈಗೇ ಕೊಡ್ಬೇಕಾ? ಪಕ್ಕದಲ್ಲಿಟ್ರೆ ತಗೊಳಲ್ವಾ?" ಎಂದಳು ವಿಭಾ ಒಂದು ದಿನ, ಡಬ್ಬಿಗೆ ಚಿತ್ರಾನ್ನ ತುಂಬುತ್ತ.

"ಮದುವೆಯಾದಾಗಿಂದ ಅಭ್ಯಾಸ."

"ಮೈಸೂರಲ್ಲಿ ಹಿಂಗಿರಲಿಲ್ಲ. ಮಾವಾನೇ ಬಡಿಸ್ಕೊಂಡು ತಿಂತಿದ್ರು. ನಾನೇ ನೋಡಿದೀನಿ."

"ಕೊಡೋಳು ನಾನು. ನಿಂಗೇನು ಕಷ್ಟ?"

"ನಾಳೆ ತೇಜೂನೂ ಇದನ್ನೇ ಕಲಿತಾಳೆ. ಗಂಡಸ್ರು ಕೂತಿರ್ತಾರೆ, ಹೆಂಗಸ್ರು ಕೈಗಿಡ್ಬೇಕು ಅಂತ."

ಪದ್ಮನಾಭರು ತಲೆಯೆತ್ತದೆ ತಿಂದರು.

ಇನ್ನೊಂದು ಜಗಳ ಗಿಡದ್ದು. ಗೇಟಿನ ಪಕ್ಕದ ಗಿಡಗಳು ದಾರಿಗೇ ಚಾಚಿಕೊಂಡು, ವಿಭಾ ಟ್ರೈನಿಗೆ ಓಡುವಾಗ ದುಪಟ್ಟಾಕ್ಕೆ ಸಿಕ್ಕಿಕೊಳ್ಳುತ್ತಿದ್ದವು.

"ಮಾವ, ಇದನ್ನ ಸ್ವಲ್ಪ ಕತ್ತರಿಸ್ತೀರಾ? ದಿನಾ ಬಟ್ಟೆ ಹಿಡಿಯುತ್ತೆ."

"ಮೊನ್ನೆ ತಾನೆ ಕತ್ತರಿಸಿದೀನಲ್ಲಮ್ಮ."

"ಎಲ್ಲಿ? ಮುಂದೆ ಮಾತ್ರ ಕತ್ತರಿಸಿದೀರಿ. ಪಕ್ಕದಲ್ಲೆಲ್ಲ ಹಾಗೇ ಇದೆ ನೋಡಿ. ಆ ಮೂಲೇದಕ್ಕಂತೂ ನೀರೇ ಬಿದ್ದಿಲ್ಲ, ಒಣಗ್ತಿದೆ."

ಪದ್ಮನಾಭರು ಕತ್ತು ಪೂರ್ತಿ ಹೊರಳಿಸಿ, ಆಮೇಲೆ ಮೈಯನ್ನೂ ಹೊರಳಿಸಿ ನೋಡಿದರು.

"ಅದು... ಬೀಜಕ್ಕೆ ಬಿಟ್ಟಿರೋದು."

"ಬೀಜಕ್ಕಾ? ಬಚ್ಚಲ ನೀರು ಹೋಗೋ ಸಂದೀಲೂ ಇದರ ಸಸೀನೇ ಎದ್ದಿದೆ. ಇನ್ನೂ ಬೀಜ ಬೇಕಾ?"

"ನಿಂಗೆ ಗಿಡದ ವಿಷಯ ಗೊತ್ತಿಲ್ಲ, ಸುಮ್ನಿರು!" ಎಂದು ಅವರು ಗದರಿದರು. ಸೊಸೆಯ ಮೇಲೆ ಅವರು ದನಿಯೆತ್ತಿದ್ದು ಅದೇ ಮೊದಲು. ವಿಭಾ ಗೇಟನ್ನು ಜೋರಾಗಿ ಎಳೆದುಕೊಂಡು ಹೋದಳು. ಅಂದು ಸಂಜೆ ಅವಳು ಬರುವ ಹೊತ್ತಿಗೆ ಗೇಟಿನ ಪಕ್ಕದ ಗಿಡಗಳನ್ನು ಬುಡದವರೆಗೂ ಕತ್ತರಿಸಲಾಗಿತ್ತು. ಕೆಲಸ ಮಾಡಿದವರು ಅತ್ತೆ. ಅವರ ಕೈಯಲ್ಲಿ ಬೊಬ್ಬೆ ಎದ್ದಿತ್ತು.

ಜುಲೈ ಮುಗಿಯುವ ಹೊತ್ತಿಗೆ ತೇಜು ಒಂದು ಸುದ್ದಿ ತಂದಳು. ಶಾಲೆಯಲ್ಲಿ ಚಿಟ್ಟೆ ತೋಟ ಮಾಡುತ್ತಾರಂತೆ. ಪಾವನಾ ಮಿಸ್ ಎಲ್ಲರಿಗೂ ಒಂದೊಂದು ಗಿಡ ತರಲು ಹೇಳಿದ್ದರು.

"ನಮ್ಮ ವೀಟ್‌ಲ ಇರೋದೇ ಬಟರ್‌ಫ್ಲೈ ಗಿಡ ಅಂತ ನಾನು ಸೊನ್ನೆ ತಾತ!"

"ವೀಟ್‌ಲ ಅಲ್ಲ, ಮನೇಲಿ. ಸೊನ್ನೆ ಅಲ್ಲ, ಹೇಳಿದೆ," ಎಂದು ಪದ್ಮನಾಭರು ನಕ್ಕರು. ಅವರು ನಕ್ಕು ಬಹಳ ದಿನವಾಗಿತ್ತು.

ತಾತ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಕಡ್ಡಿ ಸಿದ್ಧ ಮಾಡಿದರು. ತೀರಾ ಎಳೆಯದೂ ಅಲ್ಲ, ಕಟ್ಟಿಗೆಯಾದದ್ದೂ ಅಲ್ಲ, ನಡುವಿನದನ್ನು ಆರಿಸಿ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದರು. ಕೆಳಗಿನ ಎಲೆ ತೆಗೆದರು.

"ಈ ಹೂವು?"

"ಚಿವುಟಿ ಹಾಕು ಪುಟ್ಟಿ. ಹೂವಿಗೇ ಶಕ್ತಿಯೆಲ್ಲ ಕೊಟ್ಟುಬಿಟ್ರೆ ಬೇರು ಬಿಡೋಕೆ ಏನೂ ಉಳಿಯಲ್ಲ."

ಮೊಸರಿನ ಕಪ್ಪುಗಳ ತಳಕ್ಕೆ ತೂತು ಮಾಡಿ, ಮರಳು, ಗೊಬ್ಬರ ಬೆರೆಸಿ ತುಂಬಿ, ಕಡ್ಡಿ ಊರಿ ನೆರಳಿನಲ್ಲಿಟ್ಟರು. ತೇಜು ದಿನಾ ಶಾಲೆಯಿಂದ ಬಂದವಳೇ ಚೀಲ ಎಸೆದು ಕಪ್ಪುಗಳನ್ನು ನೋಡುತ್ತಿದ್ದಳು. ಹೊಸ ಎಲೆ ಮೂಡಿದ ದಿನ ಬೀದಿಗೇ ಕೇಳುವಂತೆ ಕೂಗಿದಳು.

ಆಗಸ್ಟಿನ ಒಂದು ಬೆಳಿಗ್ಗೆ ಅವುಗಳಲ್ಲಿ ಒಂದು ಶಾಲೆಗೆ ಹೊರಟಿತು. ತೇಜು ಎಂದಿನಂತೆ ಸ್ಕೂಟರಿನ ಮುಂದೆ, ತಾತನ ತೋಳುಗಳ ನಡುವೆ ನಿಂತಳು. ಎರಡೂ ಕೈಯಲ್ಲಿ ಕಪ್ಪು ಹಿಡಿದಿದ್ದಳು. ಜಯಲಕ್ಷ್ಮಮ್ಮ ಗೇಟಿನವರೆಗೆ ಬಂದರು.

"ನೋಡ್ಕೊಂಡು ಹೋಗು ಪುಟ್ಟಿ," ಎಂದರು.

ಚಪ್ಪಲಿ ಹಾಕಿಕೊಳ್ಳುತ್ತಿದ್ದ ವಿಭಾ ಆ ಮಾತು ಕೇಳಿಸಿಕೊಂಡಳು. ಗಾಡಿ ಓಡಿಸುವವರಿಗೆ ಹೇಳಬೇಕಾದ್ದನ್ನು ಅತ್ತೆ ಮಗುವಿಗೆ ಹೇಳುತ್ತಿದ್ದಾರೆ ಎಂದು ಅವಳಿಗೆ ಹೊಳೆಯಲಿಲ್ಲ. ಟ್ರೈನಿಗೆ ಹೊತ್ತಾಗಿತ್ತು.

ಅಂದು ಸಂಜೆ ತೇಜು ಊಟ ಬೇಡವೆಂದಳು.

"ಗಿಡ ಕೊಟ್ಯಾ?"

"ಕೊಟ್ಟೆ."

"ಮಿಸ್ ಏನಂದ್ರು?"

"ಗುಡ್ ಅಂದ್ರು."

ಮೈ ಮುಟ್ಟಿ ನೋಡಿದರೆ ಜ್ವರವಿರಲಿಲ್ಲ. ಮಾರನೆಯ ದಿನದಿಂದ ಅವಳು ತೋಟಕ್ಕೆ ಇಳಿಯಲಿಲ್ಲ. ತಾತ ಕರೆದರೆ "ಹೋಮ್‌ವರ್ಕ್ ಇದೆ" ಎನ್ನುವಳು. ಉಳಿದ ಕಪ್ಪುಗಳು ನೆರಳಿನಲ್ಲೇ ಬೇರು ಹೆಣೆದುಕೊಂಡು ಕೂತವು. ಮಕ್ಕಳ ಹುಚ್ಚು ಇಷ್ಟೇ, ಎಂದುಕೊಂಡಳು ವಿಭಾ.

ಸೆಪ್ಟೆಂಬರಿನ ಒಂದು ಭಾನುವಾರ ಪದ್ಮನಾಭರು ಮಳೆಗಾಲಕ್ಕೆ ಮುಂಚೆ ಸಾಲನ್ನೆಲ್ಲ ಗಿಡ್ಡ ಮಾಡಬೇಕೆಂದು ಕತ್ತರಿ ಹಿಡಿದು ಇಳಿದರು. ಜಯಲಕ್ಷ್ಮಮ್ಮ ಒಳಗಿನಿಂದ, "ತೇಜು, ತಾತನ ಹತ್ರ ಇರು" ಎಂದರು. ತೇಜು ಬಂದು ಮೆಟ್ಟಿಲ ಮೇಲೆ ನಿಂತಳು, ಕೆಳಗಿಳಿಯಲಿಲ್ಲ. ವಿಭಾ ಪಕ್ಕದ ಓಣಿಯಲ್ಲಿ ಬಟ್ಟೆ ಹರವುತ್ತಿದ್ದಳು. ಅವಳಿಗೆ ಮಗಳ ದನಿ ಕೇಳಿಸಿತು.

"ತಾತ, ಲೆಫ್ಟ್ ಬಕೆಟ್. ಸ್ಟಾಪ್. ಈಗ ಹೋಗಿ. ರೈಟ್‌ಲ ಕಲ್ಲು."

ಆ ದನಿಯಲ್ಲಿ ಆಟವಿರಲಿಲ್ಲ. ಬಸ್ಸಿನ ಕಂಡಕ್ಟರ್ ಹೇಳಿದ ಹಾಗಿತ್ತು. ವಿಭಾ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ಮುಂದೆ ಬಂದಳು.

"ಏನೇ ಅದು?"

"ತಾತಂಗೆ ಸೈಡ್ ಕಾಣಲ್ಲ ಅಲ್ವಾ, ಅದಕ್ಕೆ."

"ಯಾರು ಹೇಳಿದ್ರು ನಿಂಗೆ?"

"ಅಜ್ಜಿ. ಸ್ಕೂಟರ್‌ನಲ್ಲೂ ನಾನೇ ಸೊಲ್ವೇನ್. ಬಸ್ ಬಂದ್ರೆ ಲೆಫ್ಟ್, ರೈಟ್ ಅಂತೀನಿ. ಲಾರಿ ವಂದಾ ಕೈ ಮೇಲೆ ತಟ್ತೀನಿ..." ತೇಜು ಥಟ್ಟನೆ ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು. "ಹೇಳ್ಬೇಡ ಅಂದಿದ್ರು ಅಜ್ಜಿ."

ಪದ್ಮನಾಭರ ಕತ್ತರಿಯ ಸದ್ದು ನಿಂತಿತ್ತು. ಅವರು ತಿರುಗಿ ನೋಡಲಿಲ್ಲ.

ರವಿಕಿರಣ್ ನಂಬಲಿಲ್ಲ. "ಮಗು ಏನೋ ಆಟ ಕಟ್ಕೊಂಡಿದೆ ವಿಭಾ. ಅಪ್ಪ ದಿನಾ ಪೇಪರ್ ಓದ್ತಾರೆ, ಸೂಜಿಗೆ ದಾರ ಪೋಣಿಸಿ ಅಮ್ಮಂಗೆ ಕೊಡ್ತಾರೆ. ಕಣ್ಣಿಗೇನಾಗಿದೆ ಅವ್ರಿಗೆ?"

"ನೀವೇ ನೋಡಿ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಪದ್ಮನಾಭರು ಅನ್ನಕ್ಕೆ ಸಾರು ಕಲೆಸುತ್ತಿದ್ದರು. ಎಡಕ್ಕೆ ಕೂತಿದ್ದ ರವಿಕಿರಣ್ ಹಪ್ಪಳವೊಂದನ್ನು ತೆಗೆದು, ಮಾತಾಡದೆ, ತಂದೆಯ ಕಿವಿಯ ಹತ್ತಿರ ಹಿಡಿದ. ಅವರು ಕಲೆಸುತ್ತಲೇ ಇದ್ದರು. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ತೇಜು ಬಾಯಿ ತೆರೆದಳು. ತಾಯಿಯ ಮುಖ ನೋಡಿ ಮುಚ್ಚಿದಳು.

ಜಯಲಕ್ಷ್ಮಮ್ಮ ತಡೆಯಲಾರದೆ, "ರೀ, ಹಪ್ಪಳ," ಎಂದರು.

"ಎಲ್ಲಿ?" ಎಂದರು ಪದ್ಮನಾಭರು.

ಹಪ್ಪಳ ರವಿಕಿರಣನ ಬೆರಳಲ್ಲಿ ಪುಡಿಯಾಯಿತು.

"ಯಾವಾಗಿಂದ ಅಮ್ಮ?"

"ಮೈಸೂರಲ್ಲಿದ್ದಾಗಲೇ. ಕಣ್ಣಲ್ಲಿ ಒತ್ತಡ ಜಾಸ್ತಿ ಅಂತ ಡಾಕ್ಟ್ರು ಡ್ರಾಪ್ಸ್ ಕೊಟ್ಟಿದ್ರು. ಉರಿ ಅಂತ ಬಿಟ್ಬಿಟ್ರು. ನೇರ ಇರೋದೆಲ್ಲ ಚೆನ್ನಾಗಿ ಕಾಣುತ್ತೆ ಕಣೋ ಅವ್ರಿಗೆ."

"ಗಾಡಿ ಓಡಿಸ್ಬೇಡಿ ಅಂದಿರಲಿಲ್ವಾ ಡಾಕ್ಟ್ರು?"

ಜಯಲಕ್ಷ್ಮಮ್ಮ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸಿದರು.

"ಅಂದಿದ್ರು," ಎಂದರು ಪದ್ಮನಾಭರೇ. "ಗಾಡಿ ಬಿಟ್ರೆ ಈ ಮನೇಲಿ ನಂಗೇನು ಕೆಲಸ? ಕೂತು ಉಣ್ಣೋದಾ?"

"ಅದಕ್ಕೆ ನನ್ನ ಮಗಳನ್ನ ಕಣ್ಣು ಮಾಡ್ಕೊಂಡ್ರಾ?" ವಿಭಾ ಕೂಗಿದ್ದು ಮಾವನ ಮೇಲಲ್ಲ, ಅತ್ತೆಯ ಮೇಲೆ. "ಏಳು ವರ್ಷದ ಮಗೂನ ಲಾರಿ ಬಸ್ಸಿನ ಮಧ್ಯೆ ಮುಂದೆ ನಿಲ್ಲಿಸಿ, ಹೇಳ್ಬೇಡ ಅಂತ ಬೇರೆ ಕಲಿಸಿದ್ರಾ?"

"ಏನೂ ಆಗಿಲ್ವಲ್ಲ ವಿಭಾ ಇಲ್ಲೀವರೆಗೂ! ದೇವರ ದಯೆ..."

ತೇಜು ಎಂಜಲು ಕೈಯಲ್ಲೇ ಎದ್ದು ಒಳಗೆ ಹೋದಳು. ಜಗಳದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಸ್ಕೂಟರಿನ ಕೀ ರವಿಕಿರಣನ ಜೇಬು ಸೇರಿತು. ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಬಿಡಬೇಕು ಎಂದರು ಡಾಕ್ಟರು. ತೇಜುವಿಗೆ ಆಟೋ ಗೊತ್ತಾಯಿತು.

ವಿಭಾ ಅತ್ತೆ ಮಾಡಿದ್ದನ್ನು ತಿನ್ನುವುದು ಬಿಟ್ಟು, ಬೆಳಿಗ್ಗೆ ಬೇಗ ಎದ್ದು ತನಗೂ ಮಗಳಿಗೂ ಬೇರೆಯೇ ಡಬ್ಬಿ ಕಟ್ಟಿಕೊಂಡಳು. ಒಂದೇ ಒಲೆಯ ಮುಂದೆ ಇಬ್ಬರೂ ಭುಜ ತಾಗದಂತೆ ಸರಿದಾಡುತ್ತಿದ್ದರು. ಪದ್ಮನಾಭರು ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕತ್ತರಿ ಮುಟ್ಟಲಿಲ್ಲ. ಅರ್ಧ ಕತ್ತರಿಸಿ ಬಿಟ್ಟ ಸಾಲು ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ಎದೆಯೆತ್ತರ ನಿಂತಿತ್ತು. ಮೊದಲ ಮಳೆ ಬಿದ್ದ ಮೇಲೆ ಎತ್ತರದ್ದು ಭಾರಕ್ಕೆ ಬಾಗಿ ಮತ್ತೆ ದಾರಿಗೆ ಬಿತ್ತು. ಬುಡದಲ್ಲೆಲ್ಲ ಸಸಿಗಳು ಎದ್ದವು.

ಆಟೋದವನು ಒಂದು ಸಂಜೆ ವಿಭಾಳನ್ನು ನಿಲ್ಲಿಸಿ ಕೇಳಿದ. ಶಾಲೆಯ ಹತ್ತಿರದ ತಿರುವು ಬಂದರೆ ಸಾಕು, ಪಾಪ್ಪಾ ಸೀಟಿನಿಂದ ಇಳಿದು ಕೆಳಗೆ ಕೂತುಬಿಡುತ್ತೆ, ತಿರುವು ದಾಟಿದ ಮೇಲೇ ಏಳೋದು, ಯಾಕೆ ಮೇಡಂ? ವಿಭಾ ತೇಜುವನ್ನು ಕೇಳಿದಳು. "ಸುಮ್ನೆ" ಎಂದಳು ತೇಜು. ಗದರಿದರೆ ಅತ್ತಳು. ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು.

ಆ ಶನಿವಾರ ಮಳೆ ಬಿಟ್ಟಿತ್ತು. ಬೇರೆ ಯಾರೂ ಮಾಡುವವರಿಲ್ಲದೆ ವಿಭಾಳೇ ಕತ್ತರಿ ಹಿಡಿದು ಗೇಟಿನ ಪಕ್ಕದ ಗಿಡಗಳನ್ನು ಸವರುತ್ತಿದ್ದಳು. ಒದ್ದೆ ಎಲೆಯ ಒರಟು ಅವಳ ಮುಂಗೈಯನ್ನು ಕೆಂಪು ಮಾಡಿತ್ತು. ತೇಜು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮ, ಪಾಟಿ ಒಬ್ರು ಕೆಳಗೆ ಬಿದ್ರೆ ಸತ್ತೋಗ್ತಾರಾ?"

"ಯಾವ ಪಾಟಿ?"

"ಕೀರೆ ಪಾಟಿ. ಸ್ಕೂಲ್ ಕಾರ್ನರ್‌ಲ ಸೊಪ್ಪು ಮಾರ್ತಾರಲ್ಲ, ಆ ಮುದುಕಮ್ಮ."

ವಿಭಾ ಕತ್ತರಿ ಕೆಳಗಿಟ್ಟಳು. ಹತ್ತಿರ ಹೋಗಲಿಲ್ಲ, ಹೋದರೆ ಮಗು ನಿಲ್ಲಿಸಿಬಿಡುತ್ತದೆಂದು ಹೆದರಿದಳು.

"ಹೇಳು."

"ಅವತ್ತು ನಾನು ಕಪ್ ನೋಡ್ತಿದ್ದೆ. ಮಣ್ಣು ಚೆಲ್ಲತ್ತೆ ಅಂತ. ಲೆಫ್ಟ್‌ಲ ಪಾಟಿ ಬರ್ತಿದ್ರು. ನಾನು ಸೊಲ್ಲಲಿಲ್ಲ. ಹ್ಯಾಂಡಲ್ ತಗುಲಿ ಬಿದ್ರು. ಬುಟ್ಟಿನೂ ಬಿತ್ತು. ತಾತ 'ಏನು ಪುಟ್ಟಿ ಅದು ಸದ್ದು' ಅಂದ್ರು. ನಾನು ಒಂದೂ ಇಲ್ಲ ತಾತ, ಯಾರ್ದೋ ಚೀಲ ತಗುಲ್ತು ಅಂದೆ."

"ಯಾಕೆ ಹಾಗಂದೆ?"

"ರೋಡಲ್ಲಿ ತಾತನ್ನ ಹೆದರಿಸ್ಬಾರದು ಅಂತ ಅಜ್ಜಿ ಅಂದಿದ್ರು." ತೇಜು ಬಾಗಿಲಿಗೆ ಒರಗಿದಳು. "ನಾನು ತಿರುಗಿ ನೋಡ್ದೆ. ಪಾಟಿ ಏಳಲೇ ಇಲ್ಲ."

ಕುರ್ಚಿ ಸರಿದ ಸದ್ದಾಯಿತು. ಮೆಟ್ಟಿಲ ಪಕ್ಕದಲ್ಲೇ ಪದ್ಮನಾಭರಿದ್ದದ್ದನ್ನು ಇಬ್ಬರೂ ಮರೆತಿದ್ದರು. ಅವರು ಗೋಡೆ ಹಿಡಿದು ಎದ್ದರು.

"ಯಾವ ಕಾರ್ನರ್ ಪುಟ್ಟಿ? ಟೀ ಅಂಗಡೀದಾ?"

ತೇಜು ತಲೆಯಾಡಿಸಿದಳು. ಅವರಿಗೆ ಅದು ಕಂಡಿತು. ಅವಳು ನೇರ ಎದುರಿಗಿದ್ದಳು.

ಮನೆಯೊಳಗೆ ಮತ್ತೆ ಗಲಾಟೆ ಎದ್ದಿತು. "ಹೋಗ್ಬೇಡಿ," ಎಂದು ಜಯಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು. "ಯಾರೂ ಕೇಳಿಕೊಂಡು ಬಂದಿಲ್ಲ. ಮುಗಿದುಹೋಗಿದ್ದನ್ನ ಯಾಕೆ ಕೆದಕ್ತೀರಿ?"

"ಯಾರಿಗೆ ಮುಗಿದಿದೆ ಅತ್ತೆ? ನಿಮ್ಮ ಮೊಮ್ಮಗಳು ದಿನಾ ಹಾಸಿಗೇಲಿ ಉಚ್ಚೆ ಹೊಯ್ಕೊಳ್ತಿದಾಳೆ," ಎಂದಳು ವಿಭಾ.

ರವಿಕಿರಣ್ ತಗ್ಗಿದ ದನಿಯಲ್ಲಿ ಹೇಳಿದ. "ಅಪ್ಪ, ಅಮ್ಮ ಹೇಳೋದೂ ಯೋಚನೆ ಮಾಡಿ. ಪೊಲೀಸ್, ಸ್ಟೇಷನ್... ಇದು ನಮ್ಮೂರಲ್ಲ. ಭಾಷೆ ಸರಿಯಾಗಿ ಬರಲ್ಲ ನಿಮಗೆ. ಜನ ಸೇರಿದ್ರೆ ಹೊಡೆದುಬಿಡ್ತಾರೆ. ಮೊದಲು ನಾನು ಯಾರನ್ನಾದ್ರೂ ವಿಚಾರಿಸ್ತೀನಿ."

"ಯಾವಾಗ ವಿಚಾರಿಸ್ತೀಯ?"

ಪದ್ಮನಾಭರು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದರು. "ವಿಭಾ, ನೀನು ಬರ್ತೀಯೇನಮ್ಮ? ರಸ್ತೆ ದಾಟಿಸೋಕೆ ಒಬ್ರು ಬೇಕು," ಎಂದರು. ಅಷ್ಟು ಸ್ಪಷ್ಟವಾಗಿ ಅವರು ಆ ಮನೆಯಲ್ಲಿ ಯಾರಿಂದಲೂ ಏನನ್ನೂ ಕೇಳಿರಲಿಲ್ಲ.

ತಿರುವಿನಲ್ಲಿ ಮಳೆನೀರು ನಿಂತಿತ್ತು. ಟೀ ಅಂಗಡಿಯ ಮಗ್ಗುಲಲ್ಲಿ ಒಂದು ಗೋಣಿ ಹಾಸುವಷ್ಟು ಜಾಗ ಖಾಲಿಯಿತ್ತು. ಪದ್ಮನಾಭರು ಅಂಗಡಿಯವನ ಎದುರು ನಿಂತು, ಸೊಪ್ಪು ಮಾರುವ ಅಮ್ಮ ಎಲ್ಲಿ ಎಂದು ತಮಗೆ ಬಂದಷ್ಟು ತಮಿಳಿನಲ್ಲಿ ಕೇಳಿದರು.

ಅಂಗಡಿಯವನು ಟೀ ಎತ್ತಿ ಹೊಯ್ಯುತ್ತಲೇ ಹೇಳಿದ. ಆಯಮ್ಮ ಈಗ ಬರುವುದಿಲ್ಲ ಸಾರ್. ಯಾವನೋ ಸ್ಕೂಟರಿನವನು ಗುದ್ದಿ ಹೊರಟೇ ಹೋದ. ಸೊಂಟ ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು, ಆಮೇಲೆ ಮಗ ಬಂದು ತಿಂಡಿವನಂ ಕಡೆ ಹಳ್ಳಿಗೆ ಕರೆದುಕೊಂಡು ಹೋದ. ಇದ್ದಾಳೋ ಇಲ್ಲವೋ. ಗಾಡಿ ಮುಂದೆ ಒಂದು ಕುಳಂದೆ ಬೇರೆ ನಿಂತಿತ್ತು ಸಾರ್, ಶಾಲೆಯ ಯೂನಿಫಾರ್ಮಿನಲ್ಲಿ. ಆ ಮಗು ಒಂದೇ ತಿರುಗಿ ತಿರುಗಿ ನೋಡಿದ್ದು. ಓಡಿಸುತ್ತಿದ್ದವನು ತಲೆ ಕೂಡ ತಿರುಗಿಸಲಿಲ್ಲ. ಎಂಥ ಮನುಷ್ಯ!

ವಿಭಾ ಮಾವನ ಮುಖ ನೋಡಿದಳು. ಇಲ್ಲಿಗೆ ಸಾಕು, ಊರು ತಿಳಿದುಕೊಂಡು ಹೊರಡೋಣ ಎನ್ನಲು ಅವಳು ಬಾಯಿ ತೆರೆದಿದ್ದಳು.

"ನಾನ್ ದಾನ್," ಎಂದರು ಪದ್ಮನಾಭರು.

"ಎನ್ನ ಸಾರ್?"

"ಅಂದ ವಂಡಿ. ಓಟ್ಟಿನದು ನಾನ್ ದಾನ್."

ಆ ಗಾಡಿ ಓಡಿಸಿದವರು ಇವರೇ ಎಂದು ಕೇಳಿ ಟೀ ಹೊಯ್ಯುತ್ತಿದ್ದವನ ಕೈ ನಿಂತಿತು. ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ, ಏನೋ ಜೋರಾಗಿ ಹೇಳಿದ. ಬೆಂಚಿನ ಮೇಲಿದ್ದವರು ಗ್ಲಾಸು ಕೆಳಗಿಟ್ಟರು. ಎಡಕ್ಕಿದ್ದ ಆಟೋ ಸ್ಟ್ಯಾಂಡಿನಿಂದ ಇಬ್ಬರು ಇಳಿದು ಬರುತ್ತಿದ್ದರು. ಬಲಕ್ಕೆ ಎಳನೀರಿನ ಗಾಡಿಯವನು ಮಚ್ಚನ್ನು ಕಾಯಿಯಲ್ಲಿ ಕಚ್ಚಿಸಿ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಳ್ಳುತ್ತಿದ್ದ. ಹಿಂದೆ ಯಾರೋ ಬೈಕ್ ನಿಲ್ಲಿಸಿದರು. ವಿಭಾ ಮಾವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, "ಮಾವ, ಜನ ಬರ್ತಿದಾರೆ," ಎಂದಳು.

ಪದ್ಮನಾಭರಿಗೆ ಎದುರಿಗಿದ್ದವನು ಮಾತ್ರ ಕಾಣುತ್ತಿದ್ದ. ಅವರು ಅವನನ್ನೇ ನೋಡುತ್ತ, ಆ ಅಮ್ಮನ ಹಳ್ಳಿಯ ಹೆಸರೇನು ಎಂದು ಕೇಳಿದರು.